ಬಾಗಿಲಲ್ಲಿ ಹೇಳಿದ ಹೆಸರು

ಅತ್ತಿಗೆ,

ಹಾಸನದಿಂದ ನಿಮ್ಮ ನಾದಿನಿ ವೇದವಲ್ಲಿ. ನಮಸ್ಕಾರವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮಾತಿನ ಭರದಲ್ಲಿ ಮರೆತರೆ ನೀವು ಮೇಷ್ಟ್ರ ಹೆಂಡತಿಯ ಗತ್ತಿನಲ್ಲಿ ಈ ಕಾಗದಕ್ಕೂ ಕೆಂಪು ಗೀಟು ಎಳೆಯುತ್ತೀರಿ. ಹೊಳೆನರಸೀಪುರಕ್ಕೆ ಬೇಕಾದಷ್ಟು ಬಸ್ಸಿದೆ, ಮನೆಯಲ್ಲಿ ಫೋನಿದೆ, ಕಾಗದ ಯಾಕೆ ಎಂದು ಕೇಳಬೇಡಿ. ಎದುರು ಕೂತು ಹೊಗಳಿದರೆ "ಸಾಕು ಸುಮ್ಮನಿರೇ" ಎಂದು ಎದ್ದು ಅಡುಗೆಮನೆಗೆ ಹೋಗಿಬಿಡುತ್ತೀರಿ. ಕಾಗದವನ್ನಾದರೆ ಕೊನೆಯವರೆಗೂ ಓದುತ್ತೀರಿ, ತಪ್ಪು ಹುಡುಕುವುದಕ್ಕಾದರೂ.

ನೀವು ನಮ್ಮ ಮನೆಗೆ ಮದುಮಗಳಾಗಿ ಬಂದ ದಿನ ನನಗಿನ್ನೂ ಹತ್ತು ವರ್ಷ. ಅಣ್ಣನಿಗೆ ಒಬ್ಬಳೇ ತಂಗಿ, ಮೈಮೇಲೆ ಹೊಸ ರೇಷ್ಮೆ ಲಂಗ. ನನ್ನನ್ನು ಹಿಡಿಯುವವರೇ ಇರಲಿಲ್ಲ. ಎರಡೂ ಕೈ ಚಾಚಿ ಬಾಗಿಲು ತಡೆದು ನಿಂತೆ. ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ. ಹೆಂಗಸರೆಲ್ಲ ಪುಸಲಾಯಿಸಿದರು, ನೀವು ತಲೆಯೆತ್ತಲಿಲ್ಲ. ಆರತಿ ತಟ್ಟೆ ಬಂತೆಂದು ನಾನು ಆ ಕಡೆ ತಿರುಗಿ ಈ ಕಡೆ ನೋಡುವಷ್ಟರಲ್ಲಿ ಮದುಮಗಳೇ ಮಾಯ! ಹಿತ್ತಿಲ ಬಾಗಿಲಿನಿಂದ ನುಗ್ಗಿ ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದಿರಿ. ಅಮ್ಮ ನಿಮ್ಮನ್ನು ಹೊರಗೆ ಕರೆತಂದು ಹೊಸಿಲ ಮೇಲಿನ ಅಕ್ಕಿಯ ಸೇರನ್ನು ಒದೆಸಿದಳು. ಆ ಗಲಾಟೆಯಲ್ಲಿ ಹೆಸರಿನ ವಿಷಯ ಎಲ್ಲರಿಗೂ ಮರೆತೇಹೋಯಿತು, ನನಗೊಬ್ಬಳಿಗೆ ಬಿಟ್ಟು.

ಆಮೇಲೆ ಜನ್ಮವಿಡೀ ಅಣ್ಣ ನಿಮಗೆ "ನಿಮ್ಮಣ್ಣ", "ಇವರು", "ನಮ್ಮನೆಯವರು". ಜನಗಣತಿಯವರು ಬಂದು ಯಜಮಾನರ ಹೆಸರೇನಮ್ಮಾ ಎಂದರೆ ಬಾಗಿಲ ಮೇಲಿನ ಹೆಸರಿನ ಹಲಗೆಯತ್ತ ಬೆರಳು ತೋರಿಸುತ್ತಿದ್ದಿರಂತೆ. ಎಂಥ ಹಟ ನಿಮ್ಮದು!

ಅಣ್ಣ ನಿವೃತ್ತನಾದ ಮೇಲೆ, ತೊಂಬತ್ತೇಳರಲ್ಲಿ, ಆ ಕಂಪ್ಯೂಟರ್ ತಂದ. ನೆಂಟರೆಲ್ಲ ನಕ್ಕರು, ನಾನೂ ನಕ್ಕವಳೇ. ಅವನು ಅದರಲ್ಲಿ ಇಸ್ಪೀಟು ಆಡಿದ್ದೇ ಹೆಚ್ಚು. ಕೆಲಸಕ್ಕೆ ಹಚ್ಚಿದವರು ನೀವು. ಹಳೇಕೋಟೆಯ ಪುಟ್ಟತಾಯಮ್ಮ ಮೊಸರು ಮಾರಲು ಬಂದವಳು ಜಗಲಿಯಲ್ಲಿ ಕೂತು ಏನೋ ಗುನುಗುತ್ತಿದ್ದಳು. ನೀವು ಅವಳನ್ನು ಒಳಗೆ ಕರೆದು ಕಂಪ್ಯೂಟರಿನ ಪಕ್ಕದಲ್ಲೇ ಮಣೆ ಹಾಕಿ ಕೂರಿಸಿದಿರಿ. ಅವಳು ಹಾಡಿದಳು, ನೀವು ಒಂದೊಂದೇ ಬೆರಳಿನಲ್ಲಿ ಕುಟ್ಟಿದಿರಿ. ಸೋಬಾನೆ, ಬೀಸೋ ಪದ, ಮದುಮಗಳ ಬಾಗಿಲು ತಡೆಯುವ ಪದ, ಎಲ್ಲ. "ನಿಧಾನಕ್ಕೆ ಒತ್ರವ್ವ, ನನ್ ಪದ ಎಲ್ಲೂ ಓಡೋಗಾಕಿಲ್ಲ" ಎಂದು ಅವಳು ಅಂದರೆ ನೀವು "ನೀನು ಸುಮ್ಮನೆ ಹಾಡು, ರಾಗ ಎಳೀಬೇಡ" ಎಂದು ಗದರುತ್ತಿದ್ದಿರಿ. ನಿಮ್ಮಿಬ್ಬರ ಜಗಳ ಕೇಳಲೆಂದೇ ನಾನು ಹಾಸನದಿಂದ ಬರುತ್ತಿದ್ದೆ, ಗೊತ್ತಾ?

ಅಣ್ಣ ಹೋದ. ಅದರ ಮರುವರ್ಷವೇ ಪುಟ್ಟತಾಯಮ್ಮನಿಗೆ ಲಕ್ವ ಹೊಡೆದು ಮಾತು ಬಿದ್ದುಹೋಯಿತು. ಓಡಿಹೋಗುವುದಿಲ್ಲ ಎಂದಿದ್ದ ಪದಗಳೆಲ್ಲ ಈಗ ಉಳಿದಿದ್ದು ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ. ಅದೋ, ಟಕ್ ಟಕ್ ಎಂದು ಸದ್ದು ಮಾಡತೊಡಗಿತ್ತು. ಫ್ಲಾಪಿ ಹಾಕುವ ಬಾಯಿ ಕೆಟ್ಟು ಎಷ್ಟೋ ಕಾಲವಾಗಿತ್ತು, ಪ್ರಿಂಟರನ್ನು ಅಣ್ಣ ಕೊಂಡೇ ಇರಲಿಲ್ಲ. ನೋಡಿ ಬರೆದುಕೊಳ್ಳೋಣವೆಂದರೆ ರಾಶಿ ಪದ, ಅಷ್ಟು ಹೊತ್ತು ಅದು ಉಸಿರು ಹಿಡಿದೀತೆಂಬ ನಂಬಿಕೆಯಿಲ್ಲ. ಪುಟ್ಟತಾಯಮ್ಮನ ಮೊಮ್ಮಗಳು ಮೇಘಶ್ರೀಗೆ ಅರಕಲಗೂಡಿನ ಗಂಡು ಗೊತ್ತಾಗಿತ್ತು. ಅಜ್ಜಿಯ ಪದ ಇಲ್ಲದೆ ಧಾರೆಗೆ ನಿಲ್ಲುವುದಿಲ್ಲ ಎಂದು ಅವಳು ಅಳುತ್ತಾ ಬಂದು ನಿಮ್ಮ ಕೈ ಹಿಡಿದುಕೊಂಡಳಲ್ಲ, ನಾನು ಅಲ್ಲೇ ಇದ್ದೆ.

ಪುಣ್ಯಕ್ಕೆ ಹುಡುಗಿ ಚನ್ನರಾಯಪಟ್ಟಣದ ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಪೆನ್ ಡ್ರೈವ್ ತಂದು ಚುಚ್ಚಿದಳು. ಹಳೆಯದಕ್ಕೆ ಅದು ಏನೆಂದೇ ಗೊತ್ತಾಗಲಿಲ್ಲ. ಡಿಸ್ಕ್ ಬಿಚ್ಚೋಣವೆಂದರೆ ಧೈರ್ಯ ಸಾಲದು, "ಬಿಚ್ಚಿದ್ಮೇಲೆ ಮತ್ತೆ ಏಳುತ್ತೋ ಇಲ್ವೋ ಅಜ್ಜಿ." ಕೊನೆಗೆ ಒಂದು ಭಾನುವಾರ ಅಂಗಡಿಯ ಹೊಸ ಕಂಪ್ಯೂಟರನ್ನೇ ವ್ಯಾನಿನಲ್ಲಿ ಹಾಕಿಕೊಂಡು ಬಂದಳು. ಹಳೆಯದಕ್ಕೆ ನೆಟ್‌ವರ್ಕ್ ಕಾರ್ಡ್ ಕೂರಿಸಿ, ಎರಡರ ನಡುವೆ ಒಂದು ನೀಲಿ ಕೇಬಲ್ ಎಳೆದಳು. ಹಳೆಯದರಿಂದ ಹೊಸದಕ್ಕೆ ಪದಗಳು ಆ ದಾರಿಯಲ್ಲಿ ಹೋಗಬೇಕು.

ಹೋಗಲಿಲ್ಲ. ಕಾರ್ಡಿನ ಹಸಿರು ದೀಪ ಪಿಳಿಪಿಳಿ ಎನ್ನುತ್ತಿತ್ತು, ಆದರೆ ಹಳೆಯದರಲ್ಲಿ ಹೊಸದರ ಸುಳಿವೇ ಇಲ್ಲ. ಮೇಘಶ್ರೀ ಕೇಬಲ್ ಕಿತ್ತು ಹಾಕಿದಳು, ಕಾರ್ಡನ್ನು ಬೇರೆ ಕಿಂಡಿಗೆ ಬದಲಿಸಿದಳು, ಹೊಸದರ ಕಾವಲು, ಅದೇನೋ ಫೈರ್‌ವಾಲಂತೆ, ಅದನ್ನೂ ಸಡಿಲಿಸಿದಳು. ಪ್ರತಿ ಸಲವೂ ಹಳೆಯದನ್ನು ಆರಿಸಿ ಹೊತ್ತಿಸಬೇಕು. ಪ್ರತಿ ಸಲವೂ ಅದು ಏಳುವಾಗ ಟಕ್ ಟಕ್ ಜೋರಾಗುತ್ತಿತ್ತು. ಇದೇ ಕೊನೆಯ ಸಲವೇನೋ ಎಂದು ನನ್ನ ಜೀವ ಬಾಯಿಗೆ ಬರುತ್ತಿತ್ತು. ನೀವು ಮಾತ್ರ ಹುಡುಗಿಗೆ ಕಾಫಿ ಕೊಟ್ಟು, "ಆಗುತ್ತೆ, ಮಾಡು" ಎನ್ನುತ್ತಿದ್ದಿರಿ. ಆ ಧೈರ್ಯ ಎಲ್ಲಿಂದ ತಂದಿರಿ ಅತ್ತಿಗೆ?

ಊಟದ ಹೊತ್ತಿಗೆ ಸಿಕ್ಕಿಬಿದ್ದಿರಿ. ಹಳೆಯದು ಏಳುವಾಗೆಲ್ಲ ಮೇಜಿನ ಕೆಳಗೆ ಬಗ್ಗಿ ದೀಪ ನೋಡುತ್ತಿದ್ದ ಮೇಘಶ್ರೀ ಈ ಸಲ ತಲೆಯೆತ್ತುವಾಗ ಸರಿಯಾಗಿ ನಿಮ್ಮ ಬೆರಳು ಕೀಲಿಯ ಮೇಲಿತ್ತು. "ಅಜ್ಜೀ! ಏನ್ ಒತ್ತಿದ್ರಿ?"

"ಎಸ್ಕೇಪು. ಅದು ಮೊದಲು ಹೆಸರು ಕೇಳುತ್ತಲ್ಲ, ಎಸ್ಕೇಪ್ ಒತ್ತಿದರೆ ಒಳಗೆ ಬಿಡುತ್ತೆ. ಇವರೇ ಹೇಳಿಕೊಟ್ಟಿದ್ದು."

ಹುಡುಗಿ ಹಣೆ ಚಚ್ಚಿಕೊಂಡಳು. "ಅಯ್ಯೋ, ಬೆಳಗಿಂದ ಇದೇನಾ! ಎಸ್ಕೇಪ್ ಒತ್ತಿದ್ರೆ ಒಳಕ್ಕೇನೋ ಬಿಡ್ತದೆ ಅಜ್ಜಿ, ನೆಟ್‌ವರ್ಕಿಗೆ ಸೇರ್ಸಲ್ಲ. ಹೆಸ್ರು ಹೇಳ್ಕೊಂಡೇ ಬರ್ಬೇಕು. ಅದೇ ಹೆಸ್ರು ಹೊಸದ್ರಲ್ಲೂ ಇರ್ಬೇಕು, ಇಲ್ದಿದ್ರೆ ಅದು ಬಾಗ್ಲು ತೆಗೆಯಲ್ಲ."

ನಾನು ನಕ್ಕಿದ್ದು ನಿಮಗೆ ಕೋಪ ತರಿಸಿತ್ತು. ನಗದೆ ಏನು ಮಾಡಲಿ? ಅಷ್ಟು ವರ್ಷದ ಹಿಂದೆ ನನ್ನಿಂದ ತಪ್ಪಿಸಿಕೊಂಡವರು ಮತ್ತೆ ಹಿತ್ತಿಲ ಬಾಗಿಲಲ್ಲೇ ಸಿಕ್ಕಿದ್ದಿರಿ. ಹೆಸರು ಹೇಳದೆ ಒಳಹೋಗುವ ಆ ದಾರಿ ತೋರಿಸಿಕೊಟ್ಟವನು ನನ್ನ ಅಣ್ಣನೇ! ನಿಮ್ಮ ಹಟ ಅವನಿಗೆಷ್ಟು ಗೊತ್ತಿತ್ತು, ಎಷ್ಟು ಇಷ್ಟವಿತ್ತು ಎಂದು ಆಗ ತಿಳಿದು, ನಗು ಅರ್ಧಕ್ಕೇ ನಿಂತುಹೋಯಿತು.

ಮೇಘಶ್ರೀ ಒಳ್ಳೆಯ ಹುಡುಗಿ. "ಯಾರ ಹೆಸ್ರಾದ್ರೂ ನಡೀತದೆ ಅಜ್ಜಿ, ಎರಡೂ ಕಡೆ ಒಂದೇ ಇದ್ರಾಯ್ತು. ನಂದೇ ಹಾಕ್ಲಾ?" ಎಂದಳು. ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನೀವು ಅವಳ ಕೈ ತಡೆದಿರಿ.

"ಬೇಡ. ಅವರು ತಂದ ಯಂತ್ರ. ನಿಮ್ಮಜ್ಜಿಯ ಹಾಡನ್ನು ಇಷ್ಟು ದಿನ ಕಾದಿದ್ದು ಅದು. ಇವತ್ತು ಅವರ ಹೆಸರಲ್ಲೇ ಹೋಗಲಿ." ಆಮೇಲೆ ನನ್ನ ಕಡೆ ತಿರುಗಿ, "ವೇದ, ನೀನು ಹೇಳೇ" ಎಂದಿರಿ.

ನಾನು ಬಾಯಿ ತೆರೆದೆ. ಬರಲಿಲ್ಲ. ನನಗೆ ಅವನು ಯಾವತ್ತೂ ಅಣ್ಣ. ಅವನು ಹೋದ ಮೇಲೆ ಆ ಮನೆಯಲ್ಲಿ ಯಾರೂ ಅವನ ಹೆಸರೆತ್ತಿರಲಿಲ್ಲ, ನಾನು ಎತ್ತಿದರೆ ಅತ್ತುಬಿಡುತ್ತಿದ್ದೆ. ನೀವು ಒಂದು ಗಳಿಗೆ ನನ್ನ ಮುಖ ನೋಡಿದಿರಿ. ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಿರಿ.

"ತಿರುನಾರಾಯಣ" ಎಂದಿರಿ. "ತಿರುನಾರಾಯಣ ಅಂತ ಹಾಕಮ್ಮ."

ಎಷ್ಟೋ ಸಲ ಒಳಗೊಳಗೇ ಹೇಳಿಕೊಂಡು ನುಣುಪಾದ ಹೆಸರಿನ ಹಾಗೆ ಕೇಳಿಸಿತು ಅದು. ಮೇಘಶ್ರೀ ಹೊಸದರಲ್ಲಿ ಆ ಹೆಸರು ಸೇರಿಸಿದಳು, ಹಳೆಯದರಲ್ಲಿ ನೀವೇ ಬೆರಳಿಟ್ಟು ಕುಟ್ಟಿದಿರಿ. ಬಾಗಿಲು ತೆರೆಯಿತು. ಪುಟ್ಟತಾಯಮ್ಮನ ಪದಗಳು ಒಂದೂ ಬಿಡದೆ ಆಚೆ ದಾಟಿದವು. ಹಳೆಯದು ಆ ಸಂಜೆ ಆರಿದ್ದು ಮತ್ತೆ ಹೊತ್ತಲಿಲ್ಲ.

ನಾನು ಮೆಚ್ಚಿದ ಹೆಂಗಸರು ಕೆಲವರಿದ್ದಾರೆ, ಅತ್ತಿಗೆ. ನಿಮ್ಮನ್ನು ಮೆಚ್ಚಿದಷ್ಟು ಯಾರನ್ನೂ ಮೆಚ್ಚಿಲ್ಲ. ನಿಮಗಾಗಿ ಎಂದೂ ಬಿಡದ ಹಟವನ್ನು ಮೊಸರು ಮಾರುವವಳ ಹಾಡಿಗಾಗಿ ಬಿಟ್ಟಿರಿ. ಮೇಘಶ್ರೀಯ ಮದುವೆಯಲ್ಲಿ ಗೆಳತಿಯರು ಹಾಳೆ ನೋಡಿಕೊಂಡು ಬಾಗಿಲು ತಡೆಯುವ ಪದ ಹಾಡಿದಾಗ ಪುಟ್ಟತಾಯಮ್ಮ ಸ್ವಾಧೀನವಿದ್ದ ಒಂದು ಕೈಯಿಂದ ತೊಡೆ ತಟ್ಟುತ್ತಿದ್ದಳು. ಒಂದು ಕಡೆ ರಾಗ ಎಳೆದರೆಂದು ನಿಮ್ಮತ್ತ ನೋಡಿ ತುಟಿ ಕೊಂಕಿಸಿದಳು, ನೀವಿಬ್ಬರೂ ನಕ್ಕಿರಿ.

ಆಷಾಢ ಕಳೆದ ಮೇಲೆ ಹಾಸನಕ್ಕೆ ಬನ್ನಿ. ಹಿತ್ತಿಲ ಬಾಗಿಲಿಗೆ ಬೀಗ ಹಾಕಿರುತ್ತೇನೆ, ಮೊದಲೇ ಹೇಳಿದ್ದೇನೆ. ಮುಂಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತಿರುತ್ತೇನೆ. ಅಣ್ಣನ ಹೆಸರನ್ನು ನಿಮ್ಮ ಬಾಯಲ್ಲಿ ಇನ್ನೊಂದು ಸಲ ಕೇಳಬೇಕು. ಹೇಳದಿದ್ದರೂ ಒಳಗೆ ಬಿಡುತ್ತೇನೆ, ಚಿಂತೆ ಬೇಡ.

ನಿಮ್ಮ ಬೆರಳು, ನಿಮ್ಮ ದನಿ ನೂರು ವರ್ಷ ಗಟ್ಟಿಯಾಗಿರಲಿ.

ಬಾಗಿಲಲ್ಲೇ ಕಾಯುತ್ತಿರುವ,
ವೇದ