ಏಳನೆಯ ತಂಗಿಯ ಕಹಿ

ಕಪ್ಪತಗುಡ್ಡದ ಬುಡ,
ಇಸವಿ ೨೩೧೭, ಎರಡನೆಯ ಬೇಸಿಗೆಯ ಮೂವತ್ತೊಂಬತ್ತನೆಯ ದಿನ

ಹಿಂದಿನ ಕಾಲದ ಹಿರಿಯರಿಗೆ ಶರಣು.

ಈ ಕಥೆಯನ್ನು ಮೊದಲು ಹೇಳಿದವಳು ನನ್ನ ಅಜ್ಜಿ ದುಂಡವ್ವ. ಅರವತ್ತೆರಡು ವರ್ಷಗಳ ಹಿಂದೆ, ಊರಿಗೆ ಜ್ವರ ಬಂದುಹೋದ ಮೇಲೆ, ಬಿತ್ತನೆಗೆ ಎರಡು ದಿನ ಮೊದಲು. ಈಗ ಹೇಳುವವಳು ನಾನು, ನೀಲವ್ವ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದ ಬಂದರೆ ಬೇಸರ ಮಾಡಿಕೊಳ್ಳಬೇಡಿ. ಎರಡನೆಯ ಬೇಸಿಗೆ ಎಂದರೆ ನೀವು ಮಳೆಗಾಲ ಎನ್ನುತ್ತಿದ್ದ ತಿಂಗಳುಗಳು.

ನಾವು ನೆಲಬೇವು ಬೆಳೆಯುವವರು. ನಿಮ್ಮಲ್ಲಿ ಅದು ದಾರಿಯ ಬದಿಯಲ್ಲಿ ತಾನಾಗಿ ಹುಟ್ಟುತ್ತಿತ್ತಂತೆ. ನಾವು ಬಟ್ಟೆಯ ನೆರಳು ಕಟ್ಟಿ, ನೀರು ಅಳೆದು ಹಾಕಿ ಬೆಳೆಸುತ್ತೇವೆ. ಸುತ್ತಲ ಹನ್ನೆರಡು ಊರಿಗೂ ಜ್ವರದ ಮದ್ದು ಇದೊಂದೇ, ಬೀಜ ಹೋಗುವುದೂ ಇಲ್ಲಿಂದಲೇ. ಎಲೆಯ ಕಹಿಯೇ ಮದ್ದು. ಆ ಕಹಿಯನ್ನು ಒಂದೇ ಜೀನ್ ಮಾಡುವುದಿಲ್ಲ. ಒಂದು ಕುಟುಂಬವೇ ಸೇರಿ ಮಾಡುತ್ತದೆ. ಬಹಳ ಹಿಂದೆ ಒಂದು ಜೀನ್ ಎರಡಾಗಿ, ಎರಡು ನಾಲ್ಕಾಗಿ ಹೆಚ್ಚಿದ್ದರಿಂದ ನಾವು ಅವುಗಳನ್ನು ಅಕ್ಕತಂಗಿಯರು ಎನ್ನುತ್ತೇವೆ. ಒಬ್ಬಳು ಎಳೆ ಮಡಚುತ್ತಾಳೆ, ಒಬ್ಬಳು ಬಳೆಯಂತೆ ಬೆಸೆಯುತ್ತಾಳೆ, ಒಬ್ಬಳು ಅದಕ್ಕೆ ಸಿಂಗಾರ ಮಾಡುತ್ತಾಳೆ. ಏಳನೆಯವಳು ಸುಮ್ಮನೆ ಕುಳಿತಿರುತ್ತಿದ್ದಳು.

ಊರಿನ ನಡುವೆ ತಿದ್ದುಮನೆ ಇದೆ, ಬೀಜದೊಳಗಿನ ಜೀನ್ ತಿದ್ದುವ ಜಾಗ. ಮೂರು ಬೆಳೆ ಕಳೆದರೂ ಕೆಲಸ ಮಾಡದ ಜೀನಿನ ಹೆಸರನ್ನು ಊರು ಆರಿಸಿದ ಏಳು ಮಂದಿ ಹಲಗೆಯ ಮೇಲೆ ಬರೆದು, ಬೀಜದಿಂದ ತೆಗೆಸುವುದು ನಮ್ಮ ರೂಢಿ. ಗಿಡದ ಹೊರೆ ಇಳಿದರೆ ಎಲೆ ದೊಡ್ಡದಾಗುತ್ತದೆ ಎಂಬ ವಾದ. ಏಳನೆಯ ತಂಗಿಯ ಹೆಸರು ಬರೆದವಳು ನಮ್ಮ ಅಜ್ಜಿಯೇ.

ಪಕ್ಕದ ಹಿತ್ತಲಿನ ಹುಚ್ಚೀರಪ್ಪ ಅಡ್ಡ ಬಂದನಂತೆ. "ಕುಂತಾಕಿ ಕುಂದರ್ಲಿ ಬಿಡಬೇ ದುಂಡವ್ವಾ. ನಿನ್ನ ಉಣ್ಣಾಕ ಕೇಳ್ಯಾಳೇನ?"

"ನಿನ್ನಂಗ ಮೈಗಳ್ಳಿ ಐತಿ ಅದು. ಅದಕ್ಕ ನಿನಗ ಕರುಳು ಚುರ್ ಅಂತೈತಿ" ಎಂದಳು ಅಜ್ಜಿ. ಎಲ್ಲರೂ ನಕ್ಕರು. ಹುಚ್ಚೀರಪ್ಪ ಹೊಸ ಬೀಜ ಮುಟ್ಟಲಿಲ್ಲ. ಅವನ ಕಲ್ಲುಬೇಲಿಯ ಸಂದಿನಲ್ಲಿ ಹಳೆಯ ಗಿಡಗಳೇ ಉಳಿದವು.

ಒಂಬತ್ತು ವರ್ಷ ಅಂಗೈಯಗಲದ ಎಲೆ ಬಂತು. ಹತ್ತನೆಯ ವರ್ಷ ಬಿಸಿಲು ಇಪ್ಪತ್ತು ದಿನ ಹೆಚ್ಚು ಸುಟ್ಟಿತು, ಬೆನ್ನಿಗೇ ಜ್ವರ ಬಂತು. ಊರಿನಲ್ಲಿ ಮೊದಲು ಮಲಗಿದವಳು ನಾನು. ನನಗೆ ಐದು ವರ್ಷ. ಅಜ್ಜಿ ಕಷಾಯ ಕುದಿಸಿ, ಕುಡಿಸುವ ಮುಂಚೆ ನಾಲಗೆಗೆ ಮುಟ್ಟಿಸಿಕೊಂಡಳು. ಕಹಿಯೇ ಇಲ್ಲ, ಸೊಪ್ಪು ಬೇಯಿಸಿದ ನೀರು. ಅಂಥ ಬಿಸಿಲಿಗೆ ದುಡಿಯುವ ಅಕ್ಕನೊಬ್ಬಳು ಕೈಚೆಲ್ಲುತ್ತಾಳೆ, ಆಗ ಅವಳ ಕೆಲಸಕ್ಕೆ ಏಳುವವಳು ಆ ಏಳನೆಯವಳು ಎಂಬುದು ನಮಗೆ ಗೊತ್ತಾದದ್ದು ಆಮೇಲೆ.

ಅಜ್ಜಿ ಮಟಮಟ ಮಧ್ಯಾಹ್ನ ಹುಚ್ಚೀರಪ್ಪನ ಬೇಲಿಗೆ ಓಡಿದಳು. ಅಲ್ಲಿಯೂ ಬೇರೆಲ್ಲ ಒಣಗಿ ಒಂದೇ ಗಿಡ ಉಳಿದಿತ್ತು, ಅದರಲ್ಲಿ ನಾಲ್ಕು ಎಳೆಕಾಯಿ. ಎಲೆಯೆಲ್ಲ ಕಿತ್ತರೆ ಕಾಯಿ ಬಲಿಯುವುದಿಲ್ಲ, ಆ ಬೀಜದ ವಂಶ ಅಲ್ಲಿಗೆ ಮುಗಿಯಿತು. ಕೀಳದಿದ್ದರೆ ನಾನು ಉಳಿಯುವುದಿಲ್ಲ.

"ಈಗ ಬಂದ್ಯಾ ಮೈಗಳ್ಳಿ ಮನಿಗೆ?" ಎಂದ ಹುಚ್ಚೀರಪ್ಪ.

"ಆಮ್ಯಾಲ ಬೈಯಣ್ಣಾ, ಮೊದಲು ಎಲಿ ಕೊಡು."

"ಕೊಡತೇನಿ. ಆದ್ರ ನಾಳೆ ಊರಿಗೆಲ್ಲಾ ಜ್ವರ ಬಂದ್ರ ಬೀಜ ಎಲ್ಲಿಂದ ತರೂಣು?"

ಅಜ್ಜಿ ಗಿಡದ ಮುಂದೆ ಕುಳಿತು ಒಂದೊಂದೇ ಎಲೆ ಎಣಿಸಿದಳಂತೆ. "ಅರ್ಧ ಕೀಳು" ಎಂದಳು.

"ಅರ್ಧಕ್ಕ ಜ್ವರ ಕೇಳತೈತೇನಬೇ?"

"ಕೇಳದಿದ್ರ ಕೂಸಿನ ಅವ್ವಗ ನಾ ಉತ್ತರ ಹೇಳತೇನಿ. ಕೀಳು."

ಕಾಯಿಯ ಹತ್ತಿರದ ಎಲೆ ಬಿಟ್ಟು, ಬುಡದ ಎಲೆ ಮಾತ್ರ ಕಿತ್ತರು. ಮೂರು ದಿನಕ್ಕೆ ಬಿಡಬೇಕಾದ ಜ್ವರ ಹನ್ನೊಂದು ದಿನ ಕುಳಿತು, ಹೋಗುವಾಗ ನನ್ನ ಎಡಗಿವಿಯನ್ನೂ ಕರೆದುಕೊಂಡು ಹೋಯಿತು. ನಾಲ್ಕು ಕಾಯಿ ಬಲಿತವು. ಇಂದು ಹನ್ನೆರಡು ಊರಿನಲ್ಲಿ ಬೆಳೆಯುವ ನೆಲಬೇವೆಲ್ಲ ಅವುಗಳ ಬೀಜವೇ. ನನ್ನ ಅವ್ವ ಮಾತ್ರ ಅಜ್ಜಿಯ ಜೊತೆ ಎರಡು ವರ್ಷ ಮಾತಾಡಲಿಲ್ಲ.

ಅಂದಿನಿಂದ ಪ್ರತಿ ವರ್ಷ ಬಿತ್ತನೆಯ ಮುಂಚೆ, ಹಲಗೆಯ ಮುಂದೆ ಕುಳಿತು, ತಪ್ಪು ತನ್ನದೇ ಎಂದು ಹೇಳಿ ಅಜ್ಜಿ ಈ ಕಥೆ ಹೇಳುತ್ತಿದ್ದಳು. ಅವಳ ನಂತರ ನಾನು. ದಣಿದಿದ್ದೇನೆ. ಕಥೆ ಸವೆದಿಲ್ಲ, ಕೇಳುವ ಕಿವಿಗಳು ಹೊಸವು. ಜ್ವರ ಕಂಡವರು ಈಗ ನಾವು ಮೂವರೇ. ಈ ಸಲ ಇನ್ನೂ ಎರಡು ಸುಮ್ಮನಿರುವ ಜೀನ್ ಸಿಕ್ಕಿವೆ. ನಿನ್ನೆ ಕಥೆ ಮುಗಿದಾಗ ಈ ವರ್ಷದ ಏಳು ಮಂದಿಯಲ್ಲಿ ಒಬ್ಬಳು ಕೇಳಿದಳು: "ಅಲ್ಲಬೇ ಆಯಿ, ಕುಂತಾವನ್ನೆಲ್ಲಾ ಸಾಕಾಕ ಬೀಜದೊಳಗ ಛತ್ರಾ ಕಟ್ಟೀರೇನು?" ನಾನೂ ನಕ್ಕೆ. ಆ ಎರಡರ ಕೆಲಸ ಏನೆಂದು ನನಗೂ ಗೊತ್ತಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ನಿಮ್ಮ ಬೇಲಿಯಲ್ಲಿ ಯಾವ ಉಪಯೋಗಕ್ಕೂ ಬಾರದ ಕಹಿ ಗಿಡವೊಂದು ಇದ್ದರೆ, ಇರಲಿ ಬಿಡಿ. ಈ ಕಾಗದ ನಿಮ್ಮನ್ನು ಮುಟ್ಟುತ್ತದೋ ಇಲ್ಲವೋ. ಇಲ್ಲಿಯವರಿಗೆ ಹೇಳಿ ಸಾಕಾಗಿದೆ.

ನಿನ್ನೆ ಕಥೆ ಕೇಳಿದ ಏಳು ಮಂದಿ ಇವತ್ತು ಬೆಳಿಗ್ಗೆ ತಿದ್ದುಮನೆಗೆ ಹೋದರು. ಐವರು ಹಲಗೆಯ ಮೇಲಿದ್ದ ಆ ಎರಡು ಹೆಸರು ಒರೆಸಿ ಮನೆಗೆ ಬಂದರು. ಇಬ್ಬರು ಬಳಪ ಹಿಡಿದು ಇನ್ನೂ ಅಲ್ಲೇ ಕುಳಿತಿದ್ದಾರೆ.