ಅತ್ತೆಯ ಹುಬ್ಬಿನ ಕಲೆ

ಮಂಗಳವಾರ, ಮಾರ್ಚ್ ೧೧

ಗುಳ್ಳೆ ಏಳುವ ಮೊದಲೇ ಚಿಕನ್‌ಪಾಕ್ಸ್ ಹರಡುತ್ತದಂತೆ. ಮಗಳಿಗೆ ಗುಳ್ಳೆ ಎದ್ದದ್ದು ನಿನ್ನೆ; ಮೊನ್ನೆ ಅವಳನ್ನು ತಬ್ಬಿಕೊಂಡೇ ಮಲಗಿದ್ದೆನಲ್ಲ! ನನಗದು ಬಂದ ನೆನಪಿಲ್ಲ, ಹೊಟ್ಟೆಯಲ್ಲೊಂದು ಕೂಸು ಬೇರೆ. ಹಿಂದೆಂದಾದರೂ ಬಂದಿತ್ತೋ ಎಂದು ತಿಳಿಯಲು ಡಾಕ್ಟರು ರಕ್ತಪರೀಕ್ಷೆಗೆ ಬರೆದರು.

ಅತ್ತೆ ಹುಬ್ಬಿನ ಮೇಲಿನ ಕಲೆ ತೋರಿಸಿ, "ನಂಗೆ ಚಿಕ್ಕೋಳಿದ್ದಾಗಲೇ ಬಂದು ಹೋಗಿದೆ, ನೀನು ಆಚೆಗಿರು" ಎಂದು ಮಗುವಿನೊಡನೆ ಕೋಣೆ ಸೇರಿದರು. ಆದರೆ ಅವರಿಗೀಗ ಮರೆವು. ಮಗಳು ಅತ್ತಾಗಲೆಲ್ಲ ಬಾಗಿಲು ತೆರೆದು, "ಬಾರೇ, ಮಗೂನ ಎತ್ಕೋ" ಎನ್ನುತ್ತಾರೆ. ಒಳಗಿನಿಂದ ಮಗಳೇ ಕೂಗಬೇಕು: "ಅಜ್ಜೀ, ಅಮ್ಮ ಬರಬಾರ್ದು!"

ಅತ್ತೆಗೆ ಇವತ್ತು ನನ್ನ ಹೆಸರೂ ಹೊಳೆಯಲಿಲ್ಲ. ಬಾಲ್ಯದ ಆ ಕಾಯಿಲೆ ಮಾತ್ರ ಅವರ ಮೈಗೆ ಇನ್ನೂ ನೆನಪಿದೆ. ನನ್ನ ಮೈಗೆ ಏನಾದರೂ ನೆನಪಿದೆಯೋ ಇಲ್ಲವೋ, ನಾಳೆ ರಕ್ತದ ವರದಿ ಬಂದಾಗ ಗೊತ್ತಾಗಬೇಕು.

ಮಗಳು ಮತ್ತೆ ಅಳುತ್ತಿದ್ದಾಳೆ. ನನ್ನನ್ನು ಕರೆಯದೆ ಅಳುತ್ತಿದ್ದಾಳೆ...