ದಾರಿ ಬಿಟ್ಟ ಓಟ

ಕೋಲಾರದ ಹಳೆ ಚಿನ್ನದ ಗಣಿ, ಏಳನೇ ಸುರಂಗ
೩೧ ಫೆಬ್ರವರಿ ೨೨೯೪

ಬಿಸಿಲಂತಸ್ತಿನಲ್ಲಿ ಮುಂದೆಂದೋ ಹುಟ್ಟಲಿರುವ, ನನ್ನ ಮಗಳು ರತ್ನಿಯ ಮೊಮ್ಮಕ್ಕಳಿಗೆ,

ತಾರೀಕು ನೋಡಿ ನಗಬೇಡಿ. ನೆಲದ ಕೆಳಗೆ ಬಂದ ಮೇಲೆ ನಮ್ಮ ಹಿರಿಯರು ಎಲ್ಲ ತಿಂಗಳಿಗೂ ಮೂವತ್ತೊಂದು ದಿನ ಕೊಟ್ಟು ಕೈತೊಳೆದುಕೊಂಡರು. ಚಂದ್ರನೇ ಕಾಣದ ಕಡೆ ತಕರಾರು ಮಾಡುವವರು ಯಾರು? ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಇರಲಿ. ಬಿಸಿಲಂತಸ್ತು ಎಂದರೆ ಗಣಿಯ ಬಾಯಿಗೆ ಹತ್ತಿರ, ದಪ್ಪ ಗಾಜಿನ ಸೂರಿನ ಕೆಳಗಿರುವ ಮನೆಗಳು. ಅಲ್ಲಿ ಧೂಳಿಲ್ಲ. ನೀವು ಅಲ್ಲೇ ಹುಟ್ಟಿ ಬೆಳೆಯುವವರಾದ್ದರಿಂದ ಅದೇನು ದೊಡ್ಡ ವಿಷಯ ಅನ್ನಿಸೀತು.

ನಾವಿರುವುದು ತೀರಾ ಆಳದಲ್ಲಿ. ಪಂಪು ಪಾಳಿಯ ಮೇಲೆ ಗಾಳಿ ಕಳಿಸುತ್ತದೆ. ದೀಪದ ಬೆಳಕಿನಲ್ಲಿ ಬೆಳೆದ ರಾಗಿಯ ಮುದ್ದೆ ಉಣ್ಣುತ್ತೇವೆ, ಬಾಗಿಲಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗುತ್ತೇವೆ. ಆದರೂ ಧೂಳುಗೂರಲು ಬಿಡುವುದಿಲ್ಲ. ಕಲ್ಲಿನ ಪುಡಿ ಎದೆಯಲ್ಲಿ ಕೂತು ಉಸಿರು ಕಟ್ಟಿಸುವ ರೋಗ ಅದು. ರತ್ನಿಯ ಅಮ್ಮನನ್ನು ಅದೇ ಕೊಂಡೊಯ್ದಿತು. ರತ್ನಿಗೂ ಆರನೇ ವಯಸ್ಸಿಗೇ ಹಿಡಿಯಿತು. ಮೇಲೆ ಹೋದರೆ ಉಳಿಯುತ್ತಾಳೆ, ಇಲ್ಲೇ ಇದ್ದರೆ ಇಲ್ಲ. ಅಷ್ಟು ಸರಳ ಲೆಕ್ಕ.

ಸುರಂಗದ ಓಣಿಗಳಲ್ಲಿ ಇಬ್ಬರು ಎದುರಾದರೆ ಭುಜ ಓರೆ ಮಾಡಿಕೊಂಡು ದಾಟಬೇಕು. ಹಾಗಾಗಿ ನಮ್ಮಲ್ಲಿ ಒಂದು ಪದ್ಧತಿ ಇದೆ. ಹಿಂದಿನಿಂದ ಯಾರಾದರೂ "ದಾರಿ!" ಎಂದು ಕೂಗಿದರೆ, ಮುಂದಿದ್ದವರು ಎಡಗಡೆಯ ಗೋಡೆಗೆ ಆತು ನಿಲ್ಲಬೇಕು. ಯಾರು, ಏಕೆ ಎಂದು ಕೇಳುವಂತಿಲ್ಲ, ತಿರುಗಿ ನೋಡುವಂತಿಲ್ಲ. ಕೂಗುವವರು ಉಸಿರು ಕಟ್ಟಿದವರನ್ನು ಹೊತ್ತು ಪಂಪಿನ ಬಳಿಗೆ ಓಡುತ್ತಿರುತ್ತಾರೆ. ಅಂಬೆಗಾಲಿನ ಕೂಸೂ ಆ ಕೂಗಿಗೆ ಗೋಡೆ ಹಿಡಿಯುತ್ತದೆ.

ಮೇಲೆ ಹೋಗಲು ನಮ್ಮಂಥವರಿಗೆ ಇದ್ದದ್ದು ಒಂದೇ ಬಾಗಿಲು, ವಿಶ್ವ ಒಳಾಂಗಣ ಕ್ರೀಡಾಕೂಟ. ನೆಲವೆಲ್ಲ ಕಾದ ಹೆಂಚಾಗಿ ಲೋಕದಲ್ಲಿ ಹೊರಾಂಗಣವೇ ಉಳಿದಿಲ್ಲ, ಆದರೂ ಹಳೇ ಹೆಸರನ್ನು ಬಿಟ್ಟಿಲ್ಲ! ಅಲ್ಲಿ ಚಿನ್ನ ಗೆದ್ದವನ ಸಂಸಾರಕ್ಕೆ ಬಿಸಿಲಂತಸ್ತಿನಲ್ಲಿ ಮನೆ. ಗಂಡಸರ ಸಾವಿರದ ಐನೂರು ಮೀಟರ್ ಓಟಕ್ಕೆ ನಮ್ಮ ಸುರಂಗದಿಂದ ಇಬ್ಬರು ಆಯ್ಕೆಯಾದೆವು, ನಾನು ಮತ್ತು ಪಕ್ಕದ ಮನೆಯ ಬ್ಯಾಟಪ್ಪ. ಅವನಿಗೂ ಹೆಂಡತಿ ನಾಗವೇಣಿಗೂ ಮಕ್ಕಳಿರಲಿಲ್ಲ. ನನ್ನನ್ನು ಅಣ್ಣ ಎನ್ನುತ್ತಿದ್ದ.

ನಾರ್ವೆಯ ಬೆಟ್ಟದೊಳಗೆ ಫೈನಲ್ ನಡೆಯಿತು. ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ ನಾನು ಎರಡನೆಯವನು. ಮುಂದಿದ್ದವನ ಹೆಜ್ಜೆ ಭಾರವಾಗಿತ್ತು, ನನ್ನ ಕಾಲಿನಲ್ಲಿ ಇನ್ನೂ ಕಸುವಿತ್ತು. ದೇವರಾಣೆ, ಗೆಲ್ಲುತ್ತಿದ್ದೆ. ನನ್ನ ಬೆನ್ನಿಗೇ ಬ್ಯಾಟಪ್ಪ. ಅವನ ಬಲಕ್ಕೆ ಒಬ್ಬ, ಹಿಂದೆ ಒಬ್ಬ ಮುತ್ತಿಕೊಂಡು ಅಡಕತ್ತರಿಗೆ ಸಿಕ್ಕ ಅಡಕೆಯಾಗಿದ್ದ. ಆ ಇಕ್ಕಟ್ಟಿನಲ್ಲಿ ಅವನ ಬಾಯಿಂದ ಹೊರಟೇಹೋಯಿತು:

"ದಾರಿ!"

ನನ್ನ ತಲೆ ಯೋಚಿಸುವ ಮೊದಲೇ ಮೈ ಎಡಕ್ಕೆ ಸರಿಯಿತು. ಅಲ್ಲಿ ಗೋಡೆ ಇರಲಿಲ್ಲ. ಟ್ರ್ಯಾಕಿನ ಅಂಚು ದಾಟಿ ಒಳಗೆ ಹೋಗಿ ನಿಂತೆ. ಅಂಚು ದಾಟಿದವನಿಗೆ ಸ್ಥಾನವಿಲ್ಲ. ಬ್ಯಾಟಪ್ಪ ಆ ಸಂದಿಯಲ್ಲಿ ನುಗ್ಗಿ, ಮುಂದಿದ್ದವನನ್ನೂ ಹಿಂದಿಕ್ಕಿ ಚಿನ್ನ ಗೆದ್ದ. ಗೆದ್ದವನು ಗೊಳೋ ಎಂದು ಅತ್ತ. ಸಂತೋಷಕ್ಕೆ ಅಳುತ್ತಿದ್ದಾನೆಂದು ಜನ ಚಪ್ಪಾಳೆ ತಟ್ಟಿದರು.

ಊರಿಗೆ ಬಂದರೆ ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ದಾರಿ ಬಿಟ್ಟದ್ದು ತಪ್ಪೆಂದರೆ ನಾಳೆ ಯಾರೂ ಗೋಡೆ ಹಿಡಿಯುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಹಿರಿಯರು ನನ್ನ ಭುಜ ತಟ್ಟಿ ಮುಂದೆ ಹೋದರು. ನನಗೆ ಬ್ಯಾಟಪ್ಪನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ, ಮಾಡದೆ ಇರಲೂ ಆಗಲಿಲ್ಲ. ಒಳಗೆ ರತ್ನಿ ಕೆಮ್ಮುತ್ತಿದ್ದಳು.

ಮಾರನೆಯ ದಿನ ಅವನೇ ಬಂದು ಹೊಸ್ತಿಲಲ್ಲಿ ಕೂತ. "ಅಣ್ಣಾ, ಬಾಯಿಗೆ ಬಂದ್ಬುಡ್ತು, ಬೇಕು ಅಂತ ಕೂಗ್ಲಿಲ್ಲ. ಮಗೀನ ನಮ್ ಜತೆ ಕಳ್ಸಣ್ಣಾ. ನಾಗವೇಣಿ ನೋಡ್ಕಂತಾಳೆ. ಇಲ್ಲಾ ಅನ್ಬೇಡ" ಎಂದ. ಸಂಸಾರ ಎಂದರೆ ಗಂಡ, ಹೆಂಡತಿ, ಅವರೇ ಹೆತ್ತ ಮಕ್ಕಳು ಮಾತ್ರ. ಕಾನೂನು ಹಾಗಿದೆ. ಮೇಲೆ ಹೋದವರು ಕೆಳಗೆ ಬರುವಂತಿಲ್ಲ, ಗೆಲ್ಲದ ನಾವು ನೋಡಲೆಂದೂ ಮೇಲೆ ಹೋಗುವಂತಿಲ್ಲ. ಮಗಳು ಬದುಕಬೇಕಾದರೆ ನನ್ನ ಮಗಳಾಗಿರಬಾರದು. ಹೂಂ ಅಂದೆ. ಇನ್ನೇನು ಅನ್ನಲಿ?

ಆಮೇಲೆ ಅವಳಿಗೆ ನಾನೇ ಕೂತು ಪಾಠ ಹೇಳಿದೆ. ಬ್ಯಾಟಪ್ಪನನ್ನು ಅಪ್ಪ ಅನ್ನು, ನನ್ನನ್ನು ಮಾವ ಅನ್ನು ಎಂದು. ಮೊದಮೊದಲು ಆಟವೆಂದು ನಗುತ್ತಿದ್ದಳು. ಒಂದು ಸಂಜೆ ಗಂಜಿ ಕುಡಿಯುತ್ತಾ ತಪ್ಪಿ ಅಪ್ಪಾ ಎಂದು ನನ್ನನ್ನು ಕರೆದವಳು ತಾನೇ ಬಾಯಿ ಮುಚ್ಚಿಕೊಂಡಳು. ಅಂದಿನಿಂದ ನಗಲಿಲ್ಲ.

ಇವತ್ತು ಮೇಲಕ್ಕೆ ಹೋಗುವ ಲಿಫ್ಟಿನ ಬಾಗಿಲಲ್ಲಿ ಕಾವಲಿನ ಹೆಂಗಸು ಬಗ್ಗಿ ಕೇಳಿದಳು: "ನಿಮ್ಮಪ್ಪ ಯಾರು ಪುಟ್ಟಿ?" ರತ್ನಿ ಬ್ಯಾಟಪ್ಪನ ಕೈ ಹಿಡಿದು "ಇವ್ರೇ" ಎಂದಳು. ಮತ್ತೆ ಅವರು ಯಾರೆಂದು ನನ್ನತ್ತ ಕೈ ತೋರಿಸಿದ್ದಕ್ಕೆ, ನನ್ನ ಮುಖ ನೋಡದೆ, "ಮಾವ" ಎಂದಳು. ಎಲ್ಲಿಯೂ ತಡವರಿಸಲಿಲ್ಲ. ಬಾಗಿಲು ಮುಚ್ಚಿತು.

ಈ ಕಾಗದವನ್ನು ನಮ್ಮವರ ಬಳಿ ಇಟ್ಟಿರುತ್ತೇನೆ. ಆ ಸಂಸಾರದ ಕಾನೂನು ಹೋದ ಮೇಲೆ ಮೇಲಕ್ಕೆ ಕಳಿಸುತ್ತಾರೆ. ಓದುವ ಹೊತ್ತಿಗೆ ನಿಮ್ಮಜ್ಜಿ ಇನ್ನೂ ಇದ್ದರೆ, ಚೆನ್ನಾಗಿ ಉಸಿರಾಡುತ್ತಿದ್ದರೆ, ನನ್ನದೊಂದೇ ಕೋರಿಕೆ. ಅವಳ ಅಪ್ಪ ಯಾರೆಂದು ಅವಳನ್ನು ಕೇಳಬೇಡಿ ಮಕ್ಕಳೇ. ಅದನ್ನು ಅವಳಿಂದ ಇನ್ನೊಂದು ಸಲ ಹೇಳಿಸಬೇಡಿ.

ನಿಮ್ಮ ಅಜ್ಜಿಯ ಅಪ್ಪ,
ಪಿಳ್ಳಪ್ಪ